ಅಪ್ಪನಿಗೊಂದು ಕತ್ತಿ

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಕೆಲಸ, ರಿಲೀಸು, ಸೋಮಾರಿತನ... ಎಲ್ಲ ಮಾಮೂಲಿ ಕಾರಣಗಳೇ, ಬಿಡಿ. ಇವತ್ತು ಬರೆಯಲು ಕೂತಿದ್ದು ಮನೆಯಲ್ಲಿ ನಡೆದ ಒಂದು ಸಣ್ಣ ಜಗಳದ ದೆಸೆಯಿಂದ. ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

ಕಳೆದ ಬೇಸಿಗೆಯಲ್ಲಿ ಅಪ್ಪನಿಗೆ ಅರವತ್ತು ತುಂಬಿತು. ಅರವತ್ತರ ಶಾಂತಿ ಮಾಡಿಸುವುದು ಅಂತ ನಿಶ್ಚಯವಾಯಿತು. ಮಗನಾದ ನಾನು ಏನಾದರೂ ಕೊಡಬೇಕಲ್ಲ? ಆಫೀಸಿನಲ್ಲಿ ಊಟ ಮಾಡುತ್ತಾ "ಅಪ್ಪಂಗೆ ಒಂದು ಕತ್ತಿ ಕೊಡೋಣ ಅಂತಿದೀನಿ" ಅಂದೆ. ಎದುರಿಗೆ ಕೂತಿದ್ದ ಮೂವರೂ ತಿನ್ನುವುದನ್ನು ನಿಲ್ಲಿಸಿದರು. "ಏನ್ ಗುರೂ, ಆಸ್ತಿ ವಿಷ್ಯಾನಾ?" ಅಂತ ಒಬ್ಬ ಕೇಳಿಯೇಬಿಟ್ಟ :-)

ತಪ್ಪು ಅವನದ್ದಲ್ಲ. ಬಯಲುಸೀಮೆಯವರಿಗೆ ಕತ್ತಿ ಅಂದರೆ ರಾಜರ ಸೊಂಟದಲ್ಲಿ ಇರುವಂಥದ್ದು, ಇಲ್ಲವಾದರೆ ಸಿನಿಮಾದಲ್ಲಿ ಮಸೆಯುವಂಥದ್ದು. ಅವರ ಮನೆಯಲ್ಲಿರುವುದು ಚಾಕು, ಈಳಿಗೆ, ಮಚ್ಚು, ಕುಡುಗೋಲು. ನಮ್ಮ ಸಾಗರದ ಕಡೆ ಹಾಗಲ್ಲ. ಬೆಳಿಗ್ಗೆ ಎದ್ದು ಆಸ್ರಿಗೆ ಮುಗಿಸಿ ತೋಟಕ್ಕೆ ಹೊರಟ ಗಂಡಸಿನ ಸೊಂಟದ ಹಿಂದೆ ಕತ್ತಿಕೊಕ್ಕೆ, ಅದರಲ್ಲಿ ಒಂದು ಕತ್ತಿ. ಬಿದ್ದ ಅಡಿಕೆ ಸೋಗೆ ಸವರಲಿಕ್ಕೆ, ಬಾಳೆಗೊನೆ ಕಡಿಯಲಿಕ್ಕೆ, ಬೇಲಿಗೆ ಗೂಟ ಚೂಪು ಮಾಡಲಿಕ್ಕೆ, ದಾರಿಗೆ ಅಡ್ಡ ಬಂದ ಬಳ್ಳಿ ತೆಗೆಯಲಿಕ್ಕೆ, ಎಳನೀರು ಕೆತ್ತಲಿಕ್ಕೆ - ಎಲ್ಲದಕ್ಕೂ ಅದೇ. ಕೆಲಸ ಇಲ್ಲದಿದ್ದರೂ ಅದು ಸೊಂಟದಲ್ಲಿ ಇರಲೇಬೇಕು. ನಾವು ಮೊಬೈಲು ಮರೆತು ಮನೆಯಿಂದ ಹೊರಟರೆ ಹೇಗೆ ಜೇಬು ತಡವಿಕೊಳ್ಳುತ್ತೇವೋ, ಅಪ್ಪ ಕತ್ತಿ ಮರೆತ ದಿನ ಹಾಗೆ ಸೊಂಟ ತಡವಿಕೊಳ್ಳುತ್ತಾನೆ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದಿಂದ ಅಪ್ಪನ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿದೆ. ಸಂಧಿ ಸವೆದಿದೆ ಅಂದರು ಡಾಕ್ಟರು. ಬಿಸಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ, ಚಳಿಗೆ ಕೈ ಕಾಯಿಸಿಕೊಳ್ಳುವವನ ಹಾಗೆ ನಟಿಸುತ್ತಾನೆ. ಅವನ ಹಳೇ ಕತ್ತಿಯ ಹಿಡಿ ಹೋದ ದೀಪಾವಳಿ ಹೊತ್ತಿಗೇ ಸೀಳು ಬಿಟ್ಟಿತ್ತು. ಅದಕ್ಕೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಬಳಸುತ್ತಿದ್ದ. ಒಂದು ದಿನ ಬಾಳೆಗೊನೆ ಕಡಿಯುವಾಗ ಕೈ ಜಾರಿ ಎಡಗೈ ತೋರುಬೆರಳಿಗೆ ನಾಲ್ಕು ಹೊಲಿಗೆ ಬಿತ್ತು. ನನಗೆ ಇದು ಗೊತ್ತಾಗಿದ್ದು ಹದಿನೈದು ದಿನ ಬಿಟ್ಟು, ಅದೂ ವಿಡಿಯೋ ಕಾಲಿನಲ್ಲಿ ಬೆರಳಿನ ಬ್ಯಾಂಡೇಜು ಕಂಡಿದ್ದರಿಂದ.

ಆವತ್ತಿನಿಂದ ಅಮ್ಮನದು ಒಂದೇ ಹಟ - ಇನ್ನು ತೋಟದ ಕೆಲಸ ಸಾಕು, ಆಳುಗಳು ಮಾಡುತ್ತಾರೆ. ನಾನು ಕತ್ತಿಯ ಸುದ್ದಿ ಎತ್ತಿದ್ದೇ ಫೋನಿನಲ್ಲಿ ಸಿಡುಕಿದಳು. "ಕತ್ತಿ ಕೊಡ್ತ್ಯಾ ನೀನು? ಇದ್ದಿದ್ದನ್ನೇ ಅಡಗಿಸಿ ಇಡವು ಹೇಳಿ ಮಾಡಿದ್ದಿ ನಾನು!" ಅಕ್ಕನ ಅಭಿಪ್ರಾಯ ಬೇರೆ. ಶುಭ ದಿನದಲ್ಲಿ ಹರಿತದ ವಸ್ತು ಕೊಡಬಾರದಂತೆ. ಬದಲಿಗೆ ಒಂದು ಸ್ಮಾರ್ಟ್ ವಾಚ್ ಕೊಡು, ಹಾರ್ಟ್ ರೇಟ್ ತೋರಿಸುತ್ತೆ, ಬಿದ್ದರೆ ನಮಗೆ ಮೆಸೇಜು ಬರುತ್ತೆ ಅಂದಳು.

ನನಗೆ ತಡೆಯಲಾಗಲಿಲ್ಲ. ನಾವು, ಅಂದರೆ ಊರು ಬಿಟ್ಟು ಬಂದು ಕೀಬೋರ್ಡು ಕುಟ್ಟುವ ಮಕ್ಕಳು, ಅಪ್ಪ ಅಮ್ಮನಿಗೆ ಈವರೆಗೆ ಕೊಟ್ಟ ವಸ್ತುಗಳನ್ನು ಒಂದು ಸಲ ನೆನಪು ಮಾಡಿಕೊಳ್ಳಿ. ಬಿಪಿ ನೋಡುವ ಯಂತ್ರ. ಒರಗಿ ಕೂರುವ ಕುರ್ಚಿ. ಕಾಲು ಒತ್ತುವ ಮಷೀನು. ದೊಡ್ಡ ಅಕ್ಷರದ ಫೋನು. ಎಲ್ಲವೂ ಪ್ರೀತಿಯಿಂದಲೇ ಕೊಟ್ಟದ್ದು, ಎಲ್ಲವೂ ಉಪಯೋಗದ್ದೇ. ಆದರೆ ಎಲ್ಲವೂ ಹೇಳುವುದು ಒಂದೇ ಮಾತು - ಇನ್ನು ಕೂತುಕೋ. ಅರವತ್ತು ತುಂಬಿದ ದಿನ ಅಪ್ಪನಿಗೆ ಇದೇ ಮಾತನ್ನು ಹೊಸ ಡಬ್ಬಿಯಲ್ಲಿಟ್ಟು ಕೊಡಲು ನನಗೆ ಮನಸ್ಸಾಗಲಿಲ್ಲ. ಹಾಗಂತ ಅಮ್ಮ ಹೇಳುವುದು ಸುಳ್ಳೂ ಅಲ್ಲವಲ್ಲ. ನಾಲ್ಕು ಹೊಲಿಗೆ ಬಿದ್ದಿದ್ದು ನಿಜ. ಹಾಗಾಗಿ ನನ್ನ ಮುಂದಿದ್ದ ಪ್ರಶ್ನೆ "ಚಂದದ ಕತ್ತಿ ಯಾವುದು" ಅನ್ನುವುದಲ್ಲ. ಹಿಡಿತ ತಪ್ಪುತ್ತಿರುವ ಕೈಗೆ ಯಾವ ಕತ್ತಿ ಅನ್ನುವುದು.

ನಮ್ಮ ಜಾತಿಯವರು (ಸಾಫ್ಟ್‌ವೇರ್ ಜಾತಿ ಮಾರಾಯ್ರೆ, ತಪ್ಪು ತಿಳೀಬೇಡಿ) ಮೊದಲು ಮಾಡುವ ಕೆಲಸ ಹುಡುಕಾಟ. ಮೂರು ರಾತ್ರಿ ಹುಡುಕಿದೆ. ಹುಡುಕಿದಷ್ಟೂ ಸಿಕ್ಕಿದ್ದು ಗಾಜಿನ ಕಪಾಟಿಗೆ ಹೇಳಿ ಮಾಡಿಸಿದ ಸಾಮಾನು. ಅಲಗಿನ ತುಂಬ ನೀರಿನ ಅಲೆಯಂಥ ಗೆರೆಗಳು, ಕೆಳಗೆ "ದಮಾಸ್ಕಸ್" ಅಂತ ಹೆಸರು. ಇದರ ಬಗ್ಗೆ ಕನ್ನಡಿಗರು ಒಂದು ಮಾತು ತಿಳಿದಿರಬೇಕು. ಹಳೇ ಕಾಲದ ಪ್ರಸಿದ್ಧ ದಮಾಸ್ಕಸ್ ಕತ್ತಿಗಳಿಗೆ ಉಕ್ಕು ಹೋಗುತ್ತಿದ್ದದ್ದು ದಕ್ಷಿಣ ಭಾರತದಿಂದ, ಮಣ್ಣಿನ ಮೂಸೆಯಲ್ಲಿ ಕರಗಿಸಿ ತೆಗೆದ ಉಕ್ಕು. ಇಂಗ್ಲಿಷಿನಲ್ಲಿ ಅದನ್ನು ವೂಟ್ಸ್ ಅನ್ನುತ್ತಾರೆ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ 1795ರಲ್ಲೇ ಅದರ ಬಗ್ಗೆ ಪ್ರಬಂಧ ಓದಿದ್ದ. ಆ ಹೆಸರು ನಮ್ಮ "ಉಕ್ಕು" ಪದದಿಂದಲೇ ಹುಟ್ಟಿದ್ದು ಅನ್ನುವುದು ಬಹಳ ಜನ ಒಪ್ಪುವ ಮಾತು. ಈಗ ಆ ಹೆಸರಲ್ಲಿ ಮಾರುವುದು ಬೇರೆಯದೇ ಸಂಗತಿ. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಪದರ ಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಚೆನ್ನಾಗಿ ಮಾಡಿದರೆ ಅದೂ ಒಳ್ಳೆಯ ಕತ್ತಿಯೇ. ಆದರೆ ಸೋಗೆ ಸವರುವ ಕೆಲಸಕ್ಕೆ ಆ ಗೆರೆಯಿಂದ ನಯಾಪೈಸೆ ಉಪಯೋಗ ಇಲ್ಲ.

ಕೊಡಗಿನ ಗೆಳೆಯನೊಬ್ಬ ಪೀಚೆಕತ್ತಿ ಕೊಡು ಅಂದ. ಬೆಳ್ಳಿಯ ಕೆಲಸದ ಆ ಪುಟ್ಟ ಕತ್ತಿ ಕುಪ್ಪಸದ ಮೇಲೆ, ಕೆಂಪು ಚೇಲೆಯಲ್ಲಿ ಸಿಕ್ಕಿಸಿಕೊಂಡ ಕೊಡವರ ಸೊಂಟದಲ್ಲಿ ಎಷ್ಟು ಗಂಭೀರವಾಗಿ ಕಾಣುತ್ತದೋ, ನಮ್ಮಪ್ಪನ ಲುಂಗಿಯಲ್ಲಿ ಅಷ್ಟೇ ತಮಾಷೆಯಾಗಿ ಕಾಣುತ್ತದೆ. ಅದು ಅವರ ಮದುವೆ, ಹಬ್ಬಗಳಿಗೆ ಸೇರಿದ್ದು. ನಮ್ಮೂರಲ್ಲೇ ಗುಡಿಗಾರರು ಇದ್ದಾರೆ, ಶ್ರೀಗಂಧದಲ್ಲಿ ಅದ್ಭುತ ಕೆತ್ತನೆ ಮಾಡುತ್ತಾರೆ, ಹಿಡಿಯಲ್ಲಿ ಆನೆ ಕೆತ್ತಿಸಿ ಕೊಡಲೇ ಅಂತಲೂ ಯೋಚಿಸಿದೆ. ಆನೆಯ ಸೊಂಡಿಲು ಅಂಗೈಗೆ ಚುಚ್ಚುತ್ತದೆ ಅಂತ ಹೊಳೆಯಲು ಇಂಜಿನಿಯರಿಂಗ್ ಡಿಗ್ರಿ ಬೇಕಿರಲಿಲ್ಲ. (ಹಾಂ, ಹಳೇ ಸಾಮಾನಿನ ಅಂಗಡಿಯಲ್ಲಿ ಯಾರಾದರೂ ಜಿಂಕೆ ಕೊಂಬಿನ ಹಿಡಿಯ ಕತ್ತಿ ತೋರಿಸಿದರೆ ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಮಾರುವುದೂ ಕೊಳ್ಳುವುದೂ ಅಪರಾಧ.)

ನಿಜವಾಗಿ ಮನಸ್ಸು ಎಳೆದದ್ದು ಒಪಿನೆಲ್. ಫ್ರಾನ್ಸಿನ ಸವಾಯ್ ಪ್ರಾಂತ್ಯದ, ಬೀಚ್ ಮರದ ಹಿಡಿಯ ಮಡಚುವ ಚಾಕು. ಕೃಷಿ ಸಲಕರಣೆ ಮಾಡುವ ಮನೆತನದ ಜೋಸೆಫ್ ಒಪಿನೆಲ್ 1890ರಲ್ಲಿ ತನ್ನ ಸುತ್ತಲಿನ ರೈತರ ಜೇಬಿಗೆಂದು ಮಾಡಿದ್ದು. ಆಮೇಲೆ 1955ರಲ್ಲಿ ಕುತ್ತಿಗೆಗೆ ತಿರುಗಿಸುವ ಬಳೆಯೊಂದು ಸೇರಿತು, ಅಲಗು ತಾನಾಗಿ ಮಡಚಿ ಬೆರಳು ಕಚ್ಚದ ಹಾಗೆ. ಹಿಡಿ, ಅಲಗು, ಕೀಲು, ಕುತ್ತಿಗೆಯ ಲೋಹದ ಕಟ್ಟು, ಬಳೆ - ಇಷ್ಟರಲ್ಲೇ ಮುಗಿಯುತ್ತದೆ. ಇದಕ್ಕಿಂತ ಸರಳ ಡಿಸೈನು ನಾನು ಕಂಡಿಲ್ಲ. ಆದರೆ ಒದ್ದೆ ಹವೆಗೆ ಬೀಚ್ ಮರ ಉಬ್ಬಿ ಅಲಗು ಬಿಗಿದುಕೊಳ್ಳುವುದು ಅದರ ಹೆಸರಾಂತ ಗುಣ. ಸವಾಯ್ ಕಡೆಯವರು ಹಿಡಿಯ ಹಿಂತುದಿಯನ್ನು ಗಟ್ಟಿಯಾದ ಯಾವುದಕ್ಕಾದರೂ ಕುಟ್ಟಿ ಅಲಗನ್ನು ಈಚೆ ತರುತ್ತಾರೆ, ಅದಕ್ಕೊಂದು ಹೆಸರೂ ಇದೆ. ನಮ್ಮ ಆಷಾಢದಲ್ಲಿ ಗೋಡೆಯೇ ಬೆವರುತ್ತದೆ. ಹೆಬ್ಬೆರಳು ನೋಯುವವನಿಗೆ ಉಗುರಿನಿಂದ ಎಳೆದು ಬಿಡಿಸಬೇಕಾದ ಚಾಕು ಕೊಡುವುದು ಉಪಕಾರವೋ ಶಿಕ್ಷೆಯೋ? ಅದರ ದೋಷ ಅಲ್ಲ ಅದು. ಸವಾಯ್ ರೈತನ ಬ್ರೆಡ್ಡಿಗೆ, ಚೀಸಿಗೆ ಹುಟ್ಟಿದ್ದು ಅದು. ತನ್ನ ಸುತ್ತಲಿನ ಜನಕ್ಕಾಗಿ ಅವನು ಮಾಡಿದ. ಹಾಗಿದ್ದರೆ ನಮ್ಮ ಸುತ್ತಲಿನ ಜನಕ್ಕೆ ಮಾಡುವವರು ಯಾರು ಅಂತ ಕೇಳಿಕೊಂಡರೆ ಉತ್ತರ ಮನೆಯಿಂದ ಎರಡೇ ಕಿಲೋಮೀಟರು ದೂರದಲ್ಲಿತ್ತು. ಆಚಾರಿಯ ಕುಲುಮೆ. ಮೂರು ರಾತ್ರಿ ಹುಡುಕಿದ್ದು ಅದಕ್ಕೆ!

ಶಾಂತಿಗೆ ಇಪ್ಪತ್ತು ದಿನ ಇರುವಾಗ ಊರಿಗೆ ಹೋಗಿ, ಅಪ್ಪನಿಗೆ ಹೇಳದೆ ಕುಲುಮೆಗೆ ಹೋದೆ. ಅಪ್ಪನಿಗೆ ಅಚ್ಚರಿ ಕೊಡಬೇಕು ಅಂತ ಆಸೆ. ತಿದಿಯ ಜಾಗದಲ್ಲಿ ಈಗ ಕರೆಂಟಿನ ಬ್ಲೋಯರ್ ಬಂದಿದೆ, ಉಳಿದದ್ದೆಲ್ಲ ನಾನು ಚಿಕ್ಕವನಿದ್ದಾಗ ಕಂಡ ಹಾಗೇ. ವಿಷಯ ಹೇಳಿದೆ. ಆಚಾರಿ ಕೇಳಿದ ಮೊದಲ ಪ್ರಶ್ನೆ: "ಅಯ್ಯನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?"

ಅಚ್ಚರಿ ಕೊಡಬೇಕು ಅಂದೆ. ನಕ್ಕರು. "ತಮ್ಮಾ, ಅಂಗಿ ಹೊಲಿಸಕ್ಕೆ ಅಳತೆ ಬೇಕು ಅಂತ ಗೊತ್ತು ನಿನಗೆ. ಕತ್ತಿಗೆ ಬ್ಯಾಡ್ವಾ?"

ನಾನು ಈ ಬರಹದಲ್ಲಿ ಹೇಳಬೇಕು ಅಂತ ಹೊರಟದ್ದು ಇಷ್ಟೇ. ಕತ್ತಿಯನ್ನು ಅಚ್ಚರಿಯ ಉಡುಗೊರೆಯಾಗಿ ಕೊಡಲು ಬರುವುದಿಲ್ಲ. ಅದನ್ನು ಆರಿಸಬೇಕಾದದ್ದು ಕಣ್ಣಲ್ಲ, ಕೈ. ಆ ಕೈ ನಮ್ಮದಲ್ಲ. ನಾನು ಅಂಗಡಿಯಲ್ಲಿ, ಸೈಟಿನಲ್ಲಿ ನೋಡಿದ್ದೆಲ್ಲ ಅಲಗನ್ನು. ಅಪ್ಪನ ಬೆರಳು ಕುಯ್ದದ್ದು ಅಲಗೇ ಇರಬಹುದು, ಆದರೆ ತಪ್ಪು ಮಾಡಿದ್ದು ಹಿಡಿ.

ಮರುದಿನ ಅಪ್ಪನನ್ನು ಕರೆದುಕೊಂಡೇ ಹೋದೆ. "ಎಂತಕ್ಕೆ ದುಡ್ಡು ದಂಡ ಮಾಡ್ತೆ" ಅಂತ ದಾರಿಯುದ್ದಕ್ಕೂ ಗೊಣಗಿದ. ಕುಲುಮೆ ಹೊಕ್ಕ ಮೇಲೆ ಮಾತ್ರ ಮಾತೇ ಬೇರೆ ಆಯ್ತು. ಇಬ್ಬರೂ ಸೇರಿ ನನ್ನನ್ನು ಒಂದು ಮೂಲೆಯಲ್ಲಿ ಕೂರಿಸಿ ಮರೆತೇಬಿಟ್ಟರು.

ಅಲಗಿಗೆ ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟು. ಕಚಡಾ ಅಂತ ಮೂಗು ಮುರಿಯಬೇಡಿ, ಅದು ನೂರಕ್ಕೆ ಸುಮಾರು 0.6 ಪಾಲು ಇಂಗಾಲ ಇರುವ ಒಳ್ಳೆಯ ಉಕ್ಕು, ಬಗ್ಗಿದರೂ ಮುರಿಯಬಾರದು ಅಂತಲೇ ಮಾಡಿದ್ದು. ಕಾಯಿಸಿ, ತಟ್ಟಿ ಆಕಾರಕ್ಕೆ ತಂದ ಮೇಲೆ ಬಾಯಿಯ ಕಡೆಯನ್ನು ಮಾತ್ರ ನೀರಿಗೆ ಇಳಿಸಿದರು, ಬೆನ್ನನ್ನು ಹಾಗೇ ಬಿಟ್ಟರು. ಬಾಯಿ ಗಡುಸಾಗಿ ಹರಿತ ಹಿಡಿಯುತ್ತದೆ, ಬೆನ್ನು ಮೆತ್ತಗೆ ಉಳಿದು ಪೆಟ್ಟು ತಡೆಯುತ್ತದೆ. ಕಾದ ಬಣ್ಣ ನೋಡಿಯೇ ಹದ ಹೇಳುತ್ತಾರೆ. ಥರ್ಮಾಮೀಟರ್ ಇಲ್ಲ, ಕುಲುಮೆಯ ಮೂಲೆಯಲ್ಲಿ ಬೇಕೆಂದೇ ಕತ್ತಲೆ ಇಟ್ಟುಕೊಂಡಿರುತ್ತಾರೆ. ಬಿಸಿಲು ಬಿದ್ದರೆ ಬಣ್ಣ ಸರಿಯಾಗಿ ಕಾಣುವುದಿಲ್ಲವಲ್ಲ.

ಆದರೆ ಹೊತ್ತು ಹೋದದ್ದು ಹಿಡಿಗೆ. ಮರ ಯಾವುದು ಅನ್ನುವುದರಲ್ಲೇ ಅರ್ಧ ಗಂಟೆ. ನನ್ನ ಕಣ್ಣು ಬೀಟೆಯ ಒಂದು ಹಳೇ ತುಂಡಿನ ಮೇಲಿತ್ತು, ಯಾರದೋ ಮನೆಯ ಮುರಿದ ಮಂಚದ ಕಾಲಂತೆ, ಕಪ್ಪು ಗೆರೆ ಏನು ಚಂದ ಅಂತೀರಿ. ಅಪ್ಪ ಅದನ್ನು ಕೈಯಲ್ಲಿ ತೂಗಿ ಪಕ್ಕಕ್ಕಿಟ್ಟ. ಭಾರ. ಆರಿಸಿದ್ದು ದಡಸಲು. ನೋಡಲು ಸಪ್ಪೆ, ಆದರೆ ನಮ್ಮ ಕಡೆ ಹಾರೆ, ಕೊಡಲಿಗಳಿಗೆಲ್ಲ ಅದರದ್ದೇ ಕಾವು, ಯಾಕೆಂದರೆ ಅದು ಬಳುಕುತ್ತದೆ, ಪೆಟ್ಟನ್ನು ಕೈಗೆ ಬಿಡದೆ ತಾನೇ ನುಂಗುತ್ತದೆ. ಸಂಧಿ ನೋಯುವವನಿಗೆ ಮುಖ್ಯ ಅದೇ. ತುಂಡು ಒಣಗಿ ವರ್ಷ ಕಳೆದಿರಬೇಕು, ಹಸಿ ಮರ ಹಾಕಿದರೆ ಬೇಸಿಗೆಗೆ ಕುಗ್ಗಿ ಅಲಗು ಗಡಗಡ ಅನ್ನುತ್ತದೆ. ನಾರು ಉದ್ದಕ್ಕೆ ನೇರ ಓಡಿರಬೇಕು, ಓರೆಯಾಗಿ ಹೊರಗೆ ಹೋದ ಕಡೆಯಲ್ಲೇ ಸೀಳು ಬಿಡುವುದು. ಅಪ್ಪನ ಹಳೇ ಹಿಡಿ ಸೀಳಿದ್ದೂ ಹಾಗೇ ಅಂತ ಆಚಾರಿ ರಬ್ಬರು ಬಿಚ್ಚಿ ತೋರಿಸಿದರು.

ಆಮೇಲೆ ಅಪ್ಪನ ಕೈ ಹಿಡಿದುಕೊಂಡು ಬೆರಳು ಮಡಚಿ ನೋಡಿದರು. ಪೂರ್ತಿ ಮಡಚಲಿಲ್ಲ. ಯಾರೂ ಏನೂ ಅನ್ನಲಿಲ್ಲ. "ಹಳೇದಕ್ಕಿಂತ ಅರ್ಧ ಬೆರಳು ದಪ್ಪ ಇಡಾಣ" ಅಂದರು ಅಷ್ಟೇ. ಹಿಡಿ ಸಪೂರ ಇದ್ದಷ್ಟೂ ಮುಷ್ಟಿ ಬಿಗಿ ಮಾಡಬೇಕು, ಹೆಬ್ಬೆರಳಿಗೆ ಭಾರ. ದಪ್ಪ ಇದ್ದರೆ ಅಂಗೈ ತುಂಬಿ ಹಿಡಿತ ಹಂಚಿಹೋಗುತ್ತದೆ. ಪೂರ್ತಿ ಗುಂಡಗೂ ಅಲ್ಲ, ಮೊಟ್ಟೆಯ ಹಾಗೆ ಒಂದು ಕಡೆ ಚಪ್ಪಟೆ, ಕತ್ತಲಲ್ಲಿ ಹಿಡಿದರೂ ಬಾಯಿ ಯಾವ ಕಡೆಗಿದೆ ಅಂತ ಅಂಗೈಗೇ ತಿಳಿಯುವ ಹಾಗೆ. ಹಿಂತುದಿಗೆ ಸ್ವಲ್ಪ ಉಬ್ಬು, ಬೆವರಿದ ಕೈಯಿಂದ ಜಾರಿದರೂ ಕಿರುಬೆರಳಿಗೆ ತಡೆಯಲು. ಅಲಗೂ ಹಳೆಯದಕ್ಕಿಂತ ಹಗುರ. ಅಪ್ಪ ಮೂರು ಸಲ ಹಿಡಿದು, ಗಾಳಿಯಲ್ಲಿ ಬೀಸಿ, "ಇಲ್ಲಿ ಚೂರು ಕೆತ್ತವು" ಅಂತ ತೋರಿಸಿದ. ಮೂರು ಸಲವೂ ಕೆತ್ತಿದರು. ಕೊನೆಗೆ ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ಹಿಡಿಯ ತೂತಿಗೆ ಇಳಿಸಿದಾಗ ಬಂದ ಸುಟ್ಟ ಮರದ ವಾಸನೆ ಈ ಸಾಲು ಬರೆಯುವಾಗಲೂ ಮೂಗಿಗೆ ಬರುತ್ತಿದೆ.

ನಾನು ಜಾಣತನ ತೋರಿಸಲು ವಾರ್ನಿಷ್ ಹೊಡೆಯೋಣ್ವಾ ಅಂತ ಕೇಳಿ ಬೈಸಿಕೊಂಡೆ. ವಾರ್ನಿಷ್ ಹೊಡೆದ ಹಿಡಿ ಬೆವರಿಗೆ ಜಾರುತ್ತದೆ, ಸಿಪ್ಪೆ ಎದ್ದ ಕಡೆ ಬೊಬ್ಬೆ ಬರಿಸುತ್ತದೆ. ಬೇಕಿದ್ದರೆ ಅಗಸೆ ಎಣ್ಣೆ ಉಜ್ಜಬೇಕು, ಅದು ಮರದೊಳಗೆ ಇಳಿದು ಒಣಗುತ್ತದೆ. ತೆಂಗಿನೆಣ್ಣೆ ಒಣಗದೆ ಅಂಟುತ್ತಾ ಉಳಿಯುತ್ತದೆ.

ಮರದ ಹಿಡಿ ಅಂದರೆ ಪರಂಪರೆ, ಸಂಸ್ಕೃತಿ ಅಂತೆಲ್ಲ ಭಾವುಕರಾಗುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ. ನನಗೆ ಅದು ಹಿಡಿಸಿದ್ದು ಬೇರೆ ಕಾರಣಕ್ಕೆ. ಅದು ಬದಲಾಯಿಸಲು ಬರುವ ಭಾಗ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೇರೆ ಮಾಡ್ಯೂಲು :-) ಎರಡು ವರ್ಷದ ಹಿಂದೆ ನಾನೇ ಆನ್‌ಲೈನಿನಲ್ಲಿ ತರಿಸಿಕೊಟ್ಟ ಪ್ಲಾಸ್ಟಿಕ್ ಹಿಡಿಯ ತುಕ್ಕು ಹಿಡಿಯದ ಕತ್ತಿಯೊಂದು ಮನೆಯಲ್ಲಿದೆ. ಅದು ಮೊದಲ ದಿನ ಹೇಗಿತ್ತೋ ಕೊನೆವರೆಗೂ ಹಾಗೇ, ಯಾರ ಕೈಗೂ ಬಗ್ಗುವುದಿಲ್ಲ. ಈಗ ಅಮ್ಮ ಬಾಳೆ ಎಲೆ ಸೀಳಲು ಬಳಸುತ್ತಾಳೆ. ಅಪ್ಪನ ಕೈ ಇನ್ನೆರಡು ವರ್ಷಕ್ಕೆ ಇನ್ನೊಂಚೂರು ಬಿಗಿಯಬಹುದು. ಆಗ ಇದೇ ಅಲಗಿಗೆ ಇನ್ನೊಂದು ಹಿಡಿ ಹಾಕಿಸಿದರಾಯಿತು, ಆಚಾರಿ ಇರುವವರೆಗೆ. ಅವರ ಮಗ ಬೆಂಗಳೂರಿನಲ್ಲಿದ್ದಾನೆ, ನನ್ನ ಹಾಗೇ. ಇದ್ದಿಲು ಸಿಗುವುದು ಕಷ್ಟವಾಗಿ ವಾರಕ್ಕೆ ಎರಡು ದಿನ ಮಾತ್ರ ಕುಲುಮೆ ಹೊತ್ತಿಸುತ್ತಾರೆ. ಹಿಡಿ ಸೇರಿ ಅವರು ಕೇಳಿದ್ದು ಒಂಬೈನೂರು ರೂಪಾಯಿ. ನಾನು ಆ ದಮಾಸ್ಕಸ್ ಗೆರೆಗೆ ಎಂಟು ಸಾವಿರ ಕೊಡಲು ತಯಾರಾಗಿದ್ದೆ ಅಂತ ಅವರ ಮುಂದೆ ಬಾಯಿ ಬಿಡಲಿಲ್ಲ.

ಶಾಂತಿಯ ದಿನ ಹೋಮ, ಊಟ ಎಲ್ಲ ಮುಗಿದು ನೆಂಟರು ಹೊರಟ ಮೇಲೆ ಕತ್ತಿ ತಂದೆ. ಕೈಯಿಂದ ಕೈಗೆ ಕೊಡುವ ಹಾಗಿಲ್ಲ, ಜಗಳ ಆಗುತ್ತದಂತೆ. ಜಗುಲಿಯ ಮೇಲೆ ಇಟ್ಟೆ, ಅಪ್ಪ ಅಲ್ಲಿಂದ ಎತ್ತಿಕೊಂಡ. ಅಕ್ಕನ ಮಾತಿಗೆ ಬೆಲೆ ಕೊಟ್ಟು ಸೂರ್ಯ ಮುಳುಗುವವರೆಗೆ ಕಾದಿದ್ದೆವು, ಶುಭಕಾರ್ಯ ಮುಗಿದಿತ್ತಲ್ಲ. ತಾನೇ ಮುಂದೆ ನಿಂತು ಮಾಡಿಸಿದ ಕತ್ತಿಯನ್ನು ಅಪ್ಪ ಮೊದಲ ಸಲ ನೋಡುವವನ ಹಾಗೆ ತಿರುಗಿಸಿ ಮುರುಗಿಸಿ ನೋಡಿ "ಅಡ್ಡಿಲ್ಲೆ" ಅಂದ. ಅವನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಹತ್ತನೇ ಕ್ಲಾಸಿನ ರಿಸಲ್ಟಿಗೂ ಇದೇ ಸಿಕ್ಕಿತ್ತು. ಅಮ್ಮ ಒಳಗಿನಿಂದಲೇ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು.

ಹೋದ ವಾರ ಫೋನು ಮಾಡಿದ್ದೆ. ಕತ್ತಿ ಹೇಗಿದೆ ಅಂತ ಕೇಳಿದರೆ, "ಕತ್ತಿಗೆ ಎಂತ ಆಗವು? ಇದ್ದು ಅಲ್ಲೇ" ಅಂದು ಅಡಿಕೆಗೆ ಕೊಳೆ ಬಂದ ಸುದ್ದಿ, ಮದ್ದು ಹೊಡೆಯಲು ಜನ ಸಿಗದ ಸುದ್ದಿ ಹೇಳಿದ. ಮಧ್ಯಾಹ್ನ ಮತ್ತೆ ಮಾಡಿದೆ, ಈ ಸಲ ಅಮ್ಮ ಎತ್ತಿದಳು. "ಅಪ್ಪ ಎಲ್ಲಿ?" ಅಂದೆ.

"ಮತ್ತೆಲ್ಲಿ? ತೋಟದಲ್ಲೇ ಇದ್ದ. ಊಟಕ್ಕೆ ಕರದ್ರೂ ಬಂಜನಿಲ್ಲೆ. ಎಲ್ಲಾ ನಿನ್ನಿಂದಾಗಿ."